ಹತ್ತು ಜನರನ್ನು ಕರೆತನ್ನಿ

ಗುರುವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ಗೋಡೆಯ ಗಡಿಯಾರ ನೋಡಿಕೊಂಡೇ ನಾನು ಆ ಮಾತು ಆಡಿದ್ದು: "ನಾಲ್ಕು ಜನಕ್ಕೆ ಅಂತ ವಯಲ್ ಒಡೆಯೋಕೆ ಆಗಲ್ಲಮ್ಮ. ಇನ್ನು ಆರು ಜನರನ್ನ ಸೇರಿಸಿಕೊಂಡು ಮುಂದಿನ ಗುರುವಾರ ಬನ್ನಿ, ಹಾಕ್ತೀವಿ."

ಎರಡು ಸಾವಿರದ ಇಪ್ಪತ್ತೆರಡರ ಜನವರಿ. ಸಂಕ್ರಾಂತಿ ಕಳೆದು ಕೆಲವು ದಿನವಾಗಿತ್ತು. ಅರಕಲಗೂಡು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ವೈದ್ಯಾಧಿಕಾರಿ. ಊರಿನ ಹೆಸರು ಬರೆಯುವುದಿಲ್ಲ, ನನ್ನ ಜೊತೆಗಿದ್ದವರು ಅಲ್ಲಿ ಇನ್ನೂ ಕೆಲಸ ಮಾಡುತ್ತಿದ್ದಾರೆ. ನಿವೃತ್ತಿಗೆ ಒಂದು ವರ್ಷ ಚಿಲ್ಲರೆ ಉಳಿದಿತ್ತು. ಕೊರೊನಾದ ಮೂರನೆಯ ಅಲೆ ಏಳುತ್ತಿದ್ದ ವಾರ ಅದು. ಅರವತ್ತು ದಾಟಿದ, ಬೇರೆ ಕಾಯಿಲೆಯೂ ಇರುವವರಿಗೆ ಬೂಸ್ಟರ್ ಕೊಡಿ ಎಂದು ಆದೇಶ ಬಂದು ಹತ್ತು ದಿನವಾಗಿತ್ತು. ಎರಡನೆಯ ಡೋಸ್ ಆಗಿ ಒಂಬತ್ತು ತಿಂಗಳು ತುಂಬಿರಬೇಕು ಎಂಬುದು ನಿಯಮ. ನಮ್ಮ ಹಳ್ಳಿಗಳಲ್ಲಿ ಹಾಗೆ ತುಂಬಿದವರೇ ಬೆರಳೆಣಿಕೆಯಷ್ಟು. ಒಂದು ವಯಲ್ಲಿನಲ್ಲಿ, ಅಂದರೆ ಹೆಬ್ಬೆರಳು ಗಾತ್ರದ ಒಂದು ಗಾಜಿನ ಸೀಸೆಯಲ್ಲಿ, ಹತ್ತು ಡೋಸ್. ಸೂಜಿ ಚುಚ್ಚಿ ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಹತ್ತೂ ಮುಗಿಯಬೇಕು. ಉಳಿದರೆ ಎಸೆಯಬೇಕು. ಎಸೆದರೆ ಲೆಕ್ಕ ಹೇಳಬೇಕು.

ಎದುರಿಗಿದ್ದ ನಾಲ್ವರಲ್ಲಿ ಮೂವರು ತಲೆಯಾಡಿಸಿ ಬಾಗಿಲ ಕಡೆ ತಿರುಗಿದರು. ತಿರುಗದವರು ಕೆಂಪಮ್ಮ. ಅರವತ್ತೇಳೋ ಅರವತ್ತೆಂಟೋ ವಯಸ್ಸು. ಹೊಗೆಸೊಪ್ಪಿನ ಎಲೆಯನ್ನು ಕಾವಿನಲ್ಲಿ ಒಣಗಿಸುವ ಕೋಣೆ, ಅಂದರೆ ಬ್ಯಾರನ್ನಿನ, ಒಲೆಗೆ ವರ್ಷಾನುಗಟ್ಟಲೆ ಸೌದೆ ಒಡ್ಡಿ ಶ್ವಾಸಕೋಶ ಸುಟ್ಟುಕೊಂಡ ಹೆಂಗಸು. ಚಳಿಗಾಲ ಬಂದರೆ ವಾರಕ್ಕೊಮ್ಮೆ ನಮ್ಮಲ್ಲಿಗೆ ಬಂದು, ಮೂಗು ಬಾಯಿಗೆ ಔಷಧಿಯ ಹಬೆ ಕೊಡುವ ನೆಬ್ಯುಲೈಸರ್ ಕಟ್ಟಿಸಿಕೊಂಡು ಕೂರುತ್ತಿದ್ದರು. ಇವರಿಗೆ ಬೂಸ್ಟರ್ ತುರ್ತಾಗಿ ಬೇಕು ಎಂದು ಅವರ ಚೀಟಿಯಲ್ಲಿ ಬರೆದವಳೂ ನಾನೇ.

"ಅತ್ತು ಜನ ಸೇರ್ಸಕೆ ನಾನೇನು ಬೀಗರೂಟ ಆಕಿಸ್ತಿದ್ದೀನಾ ಡಾಕ್ಟ್ರವ್ವಾ?" ಎಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ.

"ಅಲ್ಲಾ, ಆ ಫ್ರಿಜ್ಜಲ್ಲಿ ಐತೋ ಇಲ್ವೋ?"

"ಇದೆ ಕೆಂಪಮ್ಮ."

"ಇದ್ರೂ ಇಲ್ಲ ಅಂದ್ರೆ ಇದೂ ಸೊಸೈಟಿ ಸಕ್ರೆ ಆಯ್ತು ಬುಡಿ."

ನಾನು ವಿವರಿಸಿದೆ. ಹತ್ತು ಡೋಸ್, ನಾಲ್ಕು ಗಂಟೆ, ಆರು ಡೋಸ್ ಹಾಳಾದರೆ ಮೇಲಿನವರಿಗೆ ನಾನು ಉತ್ತರ ಕೊಡಬೇಕು, ಇತ್ಯಾದಿ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಅವರ ದನಿ ಇಳಿಯಿತು.

"ಓ, ನಿಮ್ಗೂ ಬೈಯ್ಯೋರವ್ರಾ? ಅಂಗಾದ್ರೆ ಬುಡಿ. ಪಾಪ, ನೀವೇನ್ ಮಾಡೀರಿ. ನಾನೇ ಕರ್ಕಂಡ್ ಬತ್ತೀನಿ."

ನನ್ನ ಮೇಲೆ ಕನಿಕರಪಟ್ಟು ಹೊರಟರು. ಸೊಸೆ ಶೋಭಾ ತೋಳು ಹಿಡಿದುಕೊಂಡು ಮೆಟ್ಟಿಲು ಇಳಿಸಿದಳು.

ಹೊಸದಾಗಿ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಪಠ್ಯಪುಸ್ತಕದಲ್ಲಿ ಬೂಸ್ಟರ್ ಎಂದರೇನು ಎಂದು ಇರುತ್ತದೆ. ಮುಚ್ಚಿದ ಫ್ರಿಜ್ಜಿಗೂ ಎದುರಿಗೆ ನಿಂತವರ ತೋಳಿಗೂ ನಡುವೆ ಏನಿರುತ್ತದೆ ಎಂಬುದು ಇರುವುದಿಲ್ಲ. ನಡುವೆ ಇದ್ದವಳು ನಾನು. ಅಲ್ಲಿಗೆ ನಾನು ಹೇಗೆ ಬಂದು ನಿಂತೆ ಎಂಬುದನ್ನು ಮೊದಲು ಹೇಳಬೇಕು.

ನನ್ನ ಮೊದಲ ನೇಮಕ ಚನ್ನರಾಯಪಟ್ಟಣದ ಕಡೆಯ ಒಂದು ಹಳ್ಳಿಗೆ. ಗಾಜಿನ ಸಿರಿಂಜನ್ನು ಸ್ಟವ್ ಮೇಲೆ ಕುದಿಸಿ ಬಳಸುತ್ತಿದ್ದ ಕಾಲ. ಅಲ್ಲಿನ ಹಿರಿಯ ವೈದ್ಯರು ಮಾತು ಕಡಿಮೆ, ಬೀಡಿ ಜಾಸ್ತಿ. ದಡಾರದ ಲಸಿಕೆ ಐದು ಡೋಸಿನ ಸೀಸೆಯಲ್ಲಿ ಬರುತ್ತಿತ್ತು. ಒಂದು ದಿನ ತೆಂಗಿನಕಾಯಿ ಸಂತೆಗೆ ಬಂದ ಹೆಂಗಸೊಬ್ಬಳು ಕಾಯಿ ಮಾರಿದ ಮೇಲೆ ಮಗುವನ್ನು ಎತ್ತಿಕೊಂಡು ಬಂದಳು. ಸಂಜೆಯಾಗುತ್ತಿತ್ತು. ಬೇರೆ ಮಕ್ಕಳಿರಲಿಲ್ಲ. ನಾಳೆ ಬರಲಿ ಸಾರ್ ಎಂದೆ. ಅವರು ಬೀಡಿ ಆರಿಸಿ, ಕೈ ತೊಳೆದು, ಸೀಸೆ ತೆಗೆದು ಮಗುವಿಗೆ ಚುಚ್ಚಿದರು. ಉಳಿದ ನಾಲ್ಕು ಡೋಸ್ ಹೊರಗೆ ಚೆಲ್ಲಿಸಿದರು. ನನ್ನ ಕಡೆ ತಿರುಗಿ, "ಸೀಸೆ ಸರ್ಕಾರದ್ದು ಕಣಮ್ಮ. ನಾಳೆ ಇನ್ನೊಂದು ಕಳಿಸ್ತಾರೆ. ಆ ಮಗು ನಾಳೆ ಬರುತ್ತೆ ಅಂತ ನಿಂಗ್ಯಾರು ಹೇಳಿದ್ದು?" ಎಂದರು. ಅಷ್ಟೇ. ಬೈಯಲಿಲ್ಲ. ಆದ್ದರಿಂದ, ನನಗೆ ಯಾರೂ ಕಲಿಸಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಆ ಪಾಠವನ್ನು ಅಳಿಸಿದ್ದು ಹೊಳೆನರಸೀಪುರ. ಅಲ್ಲಿ ನಾನು ಮಾಡಿದ ತಪ್ಪು ನೂರಕ್ಕೆ ನೂರು ನನ್ನದೇ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಲಸಿಕೆ ಕೆಟ್ಟೀತೆಂದು ಹೆದರಿ, ಮನೆಗೆ ಹೋಗುವ ಮುಂಚೆ ಫ್ರಿಜ್ಜಿನ ಗುಂಡಿಯನ್ನು ತೀರಾ ತಣ್ಣಗಿನ ಕಡೆಗೆ ತಿರುಗಿಸಿ ಹೋದೆ. ಮಕ್ಕಳಿಗೆ ನಾಯಿಕೆಮ್ಮು, ಧನುರ್ವಾಯುವಿಗೆ ಹಾಕುವ ಡಿಪಿಟಿ ಲಸಿಕೆಗೆ ಬಿಸಿಗಿಂತ ಹೆಚ್ಚಿನ ಶತ್ರು ಮಂಜುಗಡ್ಡೆ. ಬೆಳಗ್ಗೆ ಬಾಗಿಲು ತೆಗೆದರೆ ಇಡೀ ತಿಂಗಳ ದಾಸ್ತಾನು ಕಲ್ಲಾಗಿ ಕೂತಿತ್ತು. ಎಲ್ಲವನ್ನೂ ಗುಂಡಿ ತೋಡಿ ಹೂಳಿದೆವು. ಕಾರಣ ಕೇಳಿ ನೋಟಿಸು ಬಂತು. ತಿಂಗಳ ಸಭೆಯಲ್ಲಿ ನಲವತ್ತು ಜನ ವೈದ್ಯರ ಮುಂದೆ ನನ್ನನ್ನು ಎದ್ದು ನಿಲ್ಲಿಸಿ, "ಐಸ್‌ಕ್ರೀಂ ಡಾಕ್ಟ್ರು" ಎಂದು ಪರಿಚಯಿಸಿದರು. ಆ ಹೆಸರು ಮೂರು ವರ್ಷ ನನ್ನ ಬೆನ್ನು ಬಿಡಲಿಲ್ಲ. ಅಂದಿನಿಂದ ರಿಜಿಸ್ಟರಿನ ಕೊನೆಯ ಕಾಲಂ, 'ವ್ಯರ್ಥವಾದ ಡೋಸ್', ನನ್ನ ಕಣ್ಣಿಗೆ ಮೊದಲ ಕಾಲಂ ಆಯಿತು. ಅದು ಸೊನ್ನೆ ಇದ್ದರೆ ನಾನು ಒಳ್ಳೆಯ ವೈದ್ಯೆ.

ಕೊರೊನಾ ಬಂದ ಮೇಲೆ ಸಭೆಗಳು ಫೋನಿನ ಒಳಗೆ ಬಂದವು. ವಿಸಿ ಎನ್ನುತ್ತಿದ್ದೆವು. ದಿನಾ ನಾಲ್ಕು ಗಂಟೆಗೆ ಒಂದು ವಿಡಿಯೊ ಸಭೆ. ನಮ್ಮ ಮೇಲಧಿಕಾರಿ ಕೆಟ್ಟ ಮನುಷ್ಯರಲ್ಲ. ಅವರಿಗೂ ಮೂರು ಗಂಟೆಗೆ ಅವರ ಮೇಲಿನವರ ವಿಸಿ ಇರುತ್ತಿತ್ತು, ಅಲ್ಲಿ ಬಿದ್ದದ್ದನ್ನು ನಾಲ್ಕಕ್ಕೆ ನಮಗೆ ಹಂಚುತ್ತಿದ್ದರು. ಬೂಸ್ಟರ್ ಶುರುವಾಗಿ ವಾರ ಕಳೆದಿತ್ತಷ್ಟೇ, ಪಕ್ಕದ ಕೇಂದ್ರದ ಯುವ ವೈದ್ಯನೊಬ್ಬ ಮೂರು ಜನಕ್ಕೆ ವಯಲ್ ತೆರೆದ. "ಏನ್ರೀ ಡಾಕ್ಟ್ರೇ, ಲಸಿಕೆ ಏನು ನಿಮ್ಮ ಮಾವನ ಮನೆಯಿಂದ ಬಂತಾ? ಏಳು ಡೋಸ್ ಯಾರ ಬಾಯಿಗೆ ಹಾಕಿದ್ರಿ?" ಎಂದು ಎಲ್ಲರ ಮುಂದೆ ಕೇಳಿದರು. ಅವನ ಮುಖ ಪರದೆಯ ಮೇಲೆ ಅಂಚೆ ಚೀಟಿಯಷ್ಟು ಚಿಕ್ಕದಾಗಿತ್ತು. ಅದು ಕೆಂಪಾದದ್ದು ಅಷ್ಟು ದೂರದಿಂದಲೂ ಕಂಡಿತು.

ಅದಾದ ಎರಡು ದಿನಕ್ಕೆ ಕೆಂಪಮ್ಮ ನನ್ನ ಮುಂದೆ ನಿಂತದ್ದು.

ಆ ಒಂದು ವಾರ ಕೆಂಪಮ್ಮ ಏನು ಮಾಡಿದರು ಎಂಬುದು ನನಗೆ ತಿಳಿದದ್ದು ಆಮೇಲೆ, ಸ್ವಲ್ಪ ಶೋಭಾಳಿಂದ, ಸ್ವಲ್ಪ ನಮ್ಮ ಸಿಸ್ಟರ್ ನಾಗರತ್ನ ಅವರಿಂದ. ಕೆಂಪಮ್ಮ ಮನೆಮನೆಗೆ ಹೋದರು. ನಾನು ಹೇಳಿದ್ದನ್ನು ಆದೇಶವೆಂದೇ ತೆಗೆದುಕೊಂಡು, ಒಂದಷ್ಟು ದೂರ ನಡೆದು, ಕಟ್ಟೆಯ ಮೇಲೆ ಕೂತು ಏದುಸಿರು ಬಿಟ್ಟು, ಮತ್ತೆ ನಡೆದು, ಅರವತ್ತು ದಾಟಿದವರಿರುವ ಮನೆಗಳ ಬಾಗಿಲು ಬಡಿದರು. ಎರಡು ಸೂಜಿ ಆಯ್ತಲ್ಲ, ಇನ್ನೆಷ್ಟು ಎಂದು ಕೆಲವರು ಅಂದರು. ಪುಟ್ಟೇಗೌಡರೆಂಬ ಸಕ್ಕರೆ ಕಾಯಿಲೆಯ ಮುದುಕರ ಮನೆಯ ಜಗಲಿಯಲ್ಲಿ ಅವರು ಮುಕ್ಕಾಲು ಗಂಟೆ ಕೂತಿದ್ದರಂತೆ.

"ಲೇ ಪುಟ್ಟೇಗೌಡ, ಎಮ್ಮೆಕರಿಗೆ ಸೂಜಿ ಆಕ್ಸಕೆ ಡೈರಿ ತಾವ ಓಡೋಯ್ತೀಯಲ್ಲಾ, ನಿಂಗೇನ್ಲಾ ರೋಗ?"

"ನಂಗೇನೂ ಇಲ್ಲ ಕಣಕ್ಕ, ಮನೇಲಿ ಎಲ್ರಿಗೂ ವಸಿ ಶೀತ."

"ಶೀತ ಆದ್ರೇನು, ನಿಂಗಿಲ್ವಲ್ಲ. ಗುರ್ವಾರ ಗಾಡಿ ಬತ್ತದೆ. ಅತ್ತಿಲ್ಲ ಅಂದ್ರೆ ನಿನ್ ಕಾಲ್ ಮುರೀತೀನಿ."

ಆ ವಾರ ಊರಲ್ಲಿ ಯಾರಿಗೂ ಕೊರೊನಾ ಇರಲಿಲ್ಲ. ಎಲ್ಲರಿಗೂ ಶೀತವಿತ್ತು. ಪರೀಕ್ಷೆ ಮಾಡಿಸಿದರೆ ಮನೆಗೆ ಬೋರ್ಡು ಹಾಕುತ್ತಾರೆಂದು ಯಾರೂ ಮಾಡಿಸುತ್ತಿರಲಿಲ್ಲ. ಕೆಂಪಮ್ಮನ ಮಾಸ್ಕು ಗದ್ದದ ಕೆಳಗಿರುತ್ತಿತ್ತಂತೆ, ಏರಿಸಿದರೆ ಉಸಿರು ಕಟ್ಟುತ್ತದೆಂದು. ಇಡೀ ಊರಿನಲ್ಲಿ ಬಾಗಿಲು ಹಾಕಿಕೊಂಡು ಒಳಗೆ ಕೂರಬೇಕಾಗಿದ್ದ ಜೀವ ಯಾವುದೆಂದು ನನ್ನನ್ನು ಕೇಳಿದ್ದರೆ ನಾನು ಆ ಹೆಸರನ್ನೇ ಹೇಳುತ್ತಿದ್ದೆ. ಅವರನ್ನೇ ನಾನು ಬೀದಿಗೆ ಕಳಿಸಿದ್ದೆ.

ಮುಂದಿನ ಗುರುವಾರ ಎರಡು ಗಂಟೆ ದಾಟಿದ ಮೇಲೆ ಒಂದು ಲಗೇಜ್ ಆಟೋ ನಮ್ಮ ಅಂಗಳಕ್ಕೆ ಬಂದು ನಿಂತಿತು. ಹಿಂದೆ ಕುರಿ ತುಂಬಿದ ಹಾಗೆ ಮುದುಕರು. ಶೋಭಾ ಮೊದಲು ಇಳಿದು ಅತ್ತೆಗೆ ಕೈ ಕೊಟ್ಟಳು.

"ಎಣಿಸ್ಕಳಿ ಡಾಕ್ಟ್ರವ್ವಾ," ಎಂದರು ಕೆಂಪಮ್ಮ. "ನನ್ ಸೇರಿ ಅತ್ತು. ಒಬ್ರು ಕಮ್ಮಿ ಇದ್ರೆ ಕೇಳಿ."

ನನಗೆ ಸಂತೋಷವಾಯಿತು. ಸುಳ್ಳು ಹೇಳಬಾರದು, ಬಹಳ ಸಂತೋಷವಾಯಿತು. "ನೀವೇ ನಮ್ಮ ಆಶಾ ಕಾರ್ಯಕರ್ತೆ ಆಗಬಹುದಿತ್ತು ಕೆಂಪಮ್ಮ" ಎಂದೆ.

ನಾಗರತ್ನ ವಯಲ್ ತೆರೆದರು. ಮೊದಲು ನೀವೇ ಬನ್ನಿ ಎಂದರೆ ಕೆಂಪಮ್ಮ ಒಪ್ಪಲಿಲ್ಲ. "ಮೊದ್ಲು ಇವರ್ಗೆ ಆಕಿ ಸಿಸ್ಟ್ರೇ. ನಾನ್ ಒಳಿಕ್ ಓದ್ರೆ ಇವ್ರು ಎದ್ದೋಗ್ಬುಡ್ತಾರೆ. ಬಾಗ್ಲಲ್ಲಿ ನಾನ್ ಕಾಯ್ತೀನಿ." ಹಾಗೆಯೇ ಬಾಗಿಲಿಗೆ ಅಡ್ಡ ಕೂತರು. ಒಬ್ಬೊಬ್ಬರಾಗಿ ಒಂಬತ್ತು ಜನರಿಗೆ ಆಯಿತು. ಪುಟ್ಟೇಗೌಡರು ಕಣ್ಣು ಮುಚ್ಚಿಕೊಂಡದ್ದಕ್ಕೆ ಕೆಂಪಮ್ಮ ಬಾಗಿಲಿನಿಂದಲೇ ಹಂಗಿಸಿದರು. ನಡುನಡುವೆ ಕೆಮ್ಮುತ್ತಿದ್ದರು. ಅವರ ಕೆಮ್ಮು ನಮಗೆ ಹೊಸದಲ್ಲ, ಹಾಗಾಗಿ ಯಾರ ಕಿವಿಗೂ ಬೀಳಲಿಲ್ಲ. ನನ್ನ ಕಿವಿಗೂ ಬೀಳಲಿಲ್ಲ.

ಹತ್ತನೆಯವರಾಗಿ ಕುರ್ಚಿಯಲ್ಲಿ ಕೂತು ಸೆರಗು ಸರಿಸಿ ತೋಳು ಕೊಟ್ಟರು. ನಾಗರತ್ನ ತೋಳು ಮುಟ್ಟಿ, ಸಿರಿಂಜ್ ಟ್ರೇಯಲ್ಲಿಟ್ಟು, ನನ್ನ ಕಡೆ ನೋಡಿದರು. ಮೈ ಸುಡುತ್ತಿತ್ತು. ನಾನು ಬೆರಳಿಗೆ ಆಕ್ಸಿಮೀಟರ್ ಹಾಕಿದೆ. ತೊಂಬತ್ತರ ಆಚೀಚೆ ಆಡುತ್ತಿತ್ತು. ಮೂಗಿನ ಪರೀಕ್ಷೆಯ ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡಲು ಹದಿನೈದು ನಿಮಿಷ ಬೇಕಾಗಲಿಲ್ಲ, ಮೂರೇ ನಿಮಿಷ ಸಾಕಾಯಿತು.

"ಇವತ್ತು ಹಾಕೋಕಾಗಲ್ಲ ಕೆಂಪಮ್ಮ. ಕಾಯಿಲೆ ಬಂದುಬಿಟ್ಟಿದೆ. ಆಸ್ಪತ್ರೆಗೆ ಹೋಗಬೇಕು, ಹಾಸನಕ್ಕೆ."

"ನಂಗೇ ಇಲ್ವಾ?" ಎಂದರು. ಜಗಳದ ದನಿಯಲ್ಲಿ ಅಲ್ಲ. ಅಂಗಡಿಯಲ್ಲಿ ಸಾಮಾನು ಮುಗಿದುಹೋಗಿದೆ ಎಂದಾಗ ಕೇಳುತ್ತಾರಲ್ಲ, ಹಾಗೆ. "ನಾನ್ ತಾನೇ ಎಲ್ರುನೂ ಕರ್ಕಂಬಂದದ್ದು?"

"ವಾಸಿಯಾದ ಮೇಲೆ ಮೂರು ತಿಂಗಳು ಬಿಟ್ಟು ಹಾಕ್ತೀವಿ."

"ಆಗ್ಲೂ ಅತ್ತು ಜನ ಬೇಕಾ?"

ಆಂಬುಲೆನ್ಸಿಗೆ ಫೋನ್ ಮಾಡಿದೆ. ವಾರ್ಡಿನಲ್ಲಿ ಮಲಗಿಸಿ ಆಕ್ಸಿಜನ್ ಹಾಕಿದೆವು. ಉಳಿದ ಒಂಬತ್ತು ಮಂದಿಗೆ, ಮನೆಗೆ ಹೋಗಿ ಬೇರೆ ಕೋಣೆಯಲ್ಲಿರಿ, ಜ್ವರ ಬಂದರೆ ತಕ್ಷಣ ಫೋನ್ ಮಾಡಿ ಎಂದು ಹೇಳಿ ಕಳಿಸಿದೆ. ಆಮೇಲೆ ಇಬ್ಬರಿಗೆ ಜ್ವರ ಬಂದು ಎರಡು ದಿನದಲ್ಲಿ ಬಿಟ್ಟಿತು. ಎಲ್ಲರೂ ಉಳಿದರು.

ವಯಲ್ಲಿನಲ್ಲಿ ಒಂದು ಡೋಸ್ ಉಳಿದಿತ್ತು. ಕೆಂಪಮ್ಮನ ಡೋಸ್. ನಾಗರತ್ನ ಏನೂ ಕೇಳದೆ ಹೊರಗೆ ಹೋಗಿ, ಪಂಚಾಯಿತಿಯ ನೀರುಗಂಟಿಯನ್ನು ಕರೆದುಕೊಂಡು ಬಂದರು. ಊರಿಗೆ ನೀರು ಬಿಡುವವನೂ ಮುಂಚೂಣಿಯ ಕೆಲಸಗಾರರ ಪಟ್ಟಿಯಲ್ಲಿದ್ದ. ಅವನ ತೋಳಿಗೆ ಅದು ಹೋಯಿತು. ನಾಗರತ್ನ ನನ್ನ ಕೈಯ ಕೆಳಗೆ ಹನ್ನೆರಡು ವರ್ಷ ಪಳಗಿದವರು. ನನಗೇನು ಬೇಕೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಾಲ್ಕು ಗಂಟೆಗೆ ವಿಸಿ ಶುರುವಾಯಿತು. ಫೋನು ಹಿಡಿದುಕೊಂಡು ವಾರ್ಡಿನ ಬಾಗಿಲಲ್ಲಿ ನಿಂತೆ. ಕೇಂದ್ರಗಳ ಹೆಸರು ಒಂದೊಂದಾಗಿ ಬಂತು. ನಮ್ಮದು ಬಂದಾಗ ಮೇಲಧಿಕಾರಿ ಅಂದರು, "ನೋಡಿ, ಮೇಡಂ ನೋಡಿ ಕಲೀರಿ. ಒಂದು ವಯಲ್, ಹತ್ತು ಜನ, ವೇಸ್ಟೇಜ್ ಸೊನ್ನೆ. ಹೇಗೆ ಮಾಡಿದ್ರಿ ಮೇಡಂ, ಸ್ವಲ್ಪ ಎಲ್ಲರಿಗೂ ಹೇಳಿ."

ಆ ಹೊತ್ತಿಗೆ ಆಂಬುಲೆನ್ಸ್ ಒಳಗೆ ಬಂತು.

"ಹಳ್ಳಿ ಜನರೇ ಮುಂದೆ ಬಂದು ಸಹಕಾರ ಕೊಟ್ಟರು ಸಾರ್," ಎಂದೆ.

"ಏನೋ ಸೌಂಡ್ ಬರ್ತಿದೆ ಮೇಡಂ, ಮ್ಯೂಟ್ ಮಾಡ್ಕೊಳ್ಳಿ," ಎಂದರು.

ಮ್ಯೂಟ್ ಮಾಡಿಕೊಂಡೆ. ಮಾತು ಮುಗಿಯಿತೋ ಇಲ್ಲವೋ, ಇನ್ನೇನಾದರೂ ಕೇಳುತ್ತಾರೋ ಎಂದು ಎರಡು ನಿಮಿಷ ಪರದೆ ನೋಡುತ್ತ ನಿಂತೆ. ತಲೆ ಎತ್ತಿದಾಗ ಸ್ಟ್ರೆಚರ್ ಹೋಗಿತ್ತು. ಅಂಗಳಕ್ಕೆ ಬಂದರೆ ಆಂಬುಲೆನ್ಸ್ ಗೇಟು ದಾಟಿ ಹಾಸನದ ಕಡೆ ತಿರುಗುತ್ತಿತ್ತು. ಕೆಂಪಮ್ಮನನ್ನು ಆಮೇಲೆ ನಾನು ನೋಡಲಿಲ್ಲ.

ಏಳನೆಯ ದಿನ ಬೆಳಗ್ಗೆ, ಅದೂ ಗುರುವಾರವೇ, ಶೋಭಾ ನಾಗರತ್ನ ಅವರಿಗೆ ಫೋನ್ ಮಾಡಿ, ಅತ್ತೆ ಹೋಗಿಬಿಟ್ಟರು ಎಂದಳು.

ಅಂದು ಮಧ್ಯಾಹ್ನ ಬೂಸ್ಟರಿಗೆ ಮೂವರು ಬಂದಿದ್ದರು. ನಾನೇ ಎದ್ದು ಹೋಗಿ ವಯಲ್ ತೆರೆದೆ. ಉಳಿದ ಏಳನ್ನು ಎಸೆದೆ. ರಿಜಿಸ್ಟರಿನ ಕೊನೆಯ ಕಾಲಂನಲ್ಲಿ ಏಳು ಎಂದು ಬರೆದು, ಪಕ್ಕದಲ್ಲಿ 'ಮೂವರು ಹಾಜರಿದ್ದ ಕಾರಣ' ಎಂದು ದೊಡ್ಡ ಅಕ್ಷರದಲ್ಲಿ ಸೇರಿಸಿ ಸಹಿ ಹಾಕಿದೆ. ನೋಟಿಸು ಬರಲಿ, ಎಲ್ಲರ ಮುಂದೆ ನಿಲ್ಲಿಸಲಿ, ಈ ಸಲ ಹೇಳಬೇಕಾದ್ದನ್ನು ಹೇಳುತ್ತೇನೆ ಎಂದು ಉತ್ತರವನ್ನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡೆ.

ನೋಟಿಸು ಬರಲಿಲ್ಲ. ವಿಸಿಯಲ್ಲಿ ಒಂದು ಮಾತೂ ಬರಲಿಲ್ಲ. ಆ ವಾರದ ಹೊತ್ತಿಗೆ ಮೇಲಿನವರ ಗಮನ ಶಾಲಾ ಮಕ್ಕಳ ಲಸಿಕೆಯ ಕಡೆ ಹೊರಳಿತ್ತು. ಮುಂದಿನ ವಾರ ನಾಲ್ವರಿಗೆ ತೆರೆದೆ, ಆಮೇಲೆ ಇಬ್ಬರಿಗೆ. ಯಾರೂ ಕೇಳಲಿಲ್ಲ. ಹಳೆಯ ಸುತ್ತೋಲೆಗಳ ಕಡತ ಇಳಿಸಿ ಕೂತು ಒಂದೊಂದೇ ಹಾಳೆ ತಿರುಗಿಸಿದೆ. ಹತ್ತು ಜನ ಸೇರುವವರೆಗೆ ಬಂದವರನ್ನು ವಾಪಸ್ ಕಳಿಸಿ ಎಂದು ನನ್ನ ಬಳಿಯಿದ್ದ ಒಂದು ಕಾಗದದಲ್ಲೂ ಬರೆದಿರಲಿಲ್ಲ. ವ್ಯರ್ಥ ಕಡಿಮೆ ಮಾಡಿ ಎಂದಷ್ಟೇ ಇತ್ತು. ಉಳಿದದ್ದನ್ನು ನಾವು ಭಯದಿಂದ ಸೇರಿಸಿಕೊಂಡಿದ್ದೆವು. ನಾನು ಹೆದರಿದ್ದು ಒಂದು ಬೈಗುಳಕ್ಕೆ. ಆ ಬೈಗುಳವೂ ಕಡೆಗೆ ಬರಲಿಲ್ಲ.

ಮಳೆಗಾಲದ ಹೊತ್ತಿಗೆ ಹದಿನೆಂಟು ದಾಟಿದ ಎಲ್ಲರಿಗೂ ಬೂಸ್ಟರ್ ಉಚಿತ ಎಂದಾಯಿತು. ಅಷ್ಟರಲ್ಲಿ ಜನಕ್ಕೆ ಹೆದರಿಕೆ ಹೋಗಿತ್ತು, ಬೇಕಾದವರು ಬರಲಿಲ್ಲ. ಈಗ ವಿಸಿಯ ಭಾಷೆ ಬದಲಾಗಿತ್ತು: "ಒಬ್ಬರೇ ಬಂದರೂ ಒಡೀರಿ, ಗುರಿ ಮುಟ್ಟಬೇಕು. ಸಂತೆಗೆ ಹೋಗಿ, ಬಸ್‌ಸ್ಟ್ಯಾಂಡಿಗೆ ಹೋಗಿ." ಹೋದೆವು. ಬಸ್ಸಿಗೆ ಕಾಯುತ್ತಿದ್ದ ಕಾಲೇಜು ಹುಡುಗರ ತೋಳು ಹಿಡಿದು ಹಾಕಿದೆವು. ಅವಧಿ ಮೀರಿದ ವಯಲ್ಲುಗಳನ್ನು ಪೆಟ್ಟಿಗೆಗಟ್ಟಲೆ ವಾಪಸ್ ಕಳಿಸಿದೆವು. ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಕಾಪಾಡಿದ್ದ ಆರು ಡೋಸುಗಳು ಎಲ್ಲಿ ಹೋದವು ಎಂದು ಯಾರೂ ಹೇಳಲಾರರು.

ಅಂದೇ ಹಾಕಿದ್ದರೆ ಕೆಂಪಮ್ಮ ಬದುಕುತ್ತಿದ್ದರೇ ಎಂದು ನೀವು ಕೇಳಬಹುದು. ವೈದ್ಯೆಯಾಗಿ ಪ್ರಾಮಾಣಿಕ ಉತ್ತರವೆಂದರೆ, ಗೊತ್ತಿಲ್ಲ. ಮೊದಲ ಎರಡು ಡೋಸಿನ ಬಲ ತಿಂಗಳುಗಳು ಕಳೆದಂತೆ ಇಳಿಯುತ್ತದೆ, ಮುದುಕರಲ್ಲಿ, ಶ್ವಾಸಕೋಶ ಕೆಟ್ಟವರಲ್ಲಿ ಇನ್ನೂ ಬೇಗ. ಬೂಸ್ಟರ್ ಅದನ್ನು ಮತ್ತೆ ಏರಿಸುತ್ತದೆ, ಆದರೆ ಚುಚ್ಚಿದ ದಿನವೇ ಅಲ್ಲ, ವಾರ ಹತ್ತು ದಿನ ಬೇಕು. ಅದು ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ಸೋಂಕು ಸಾವಿಗೆ ತಿರುಗದಂತೆ ತಡೆಯಲು ನೋಡುತ್ತದೆ. ಗಟ್ಟಿಮುಟ್ಟಾದ ಕಾಲೇಜು ಹುಡುಗನಿಗೆ ಅದರಿಂದ ಸ್ವಲ್ಪ ಲಾಭ. ಕೆಂಪಮ್ಮನಂಥವರಿಗೆ ಅದು ಇರುವುದೇ ಅವರಿಗಾಗಿ. ನಾವು ಮಾಡಿದ್ದು ತಿರುಗುಮುರುಗು. ಇಷ್ಟು ಮಾತ್ರ ನನಗೆ ಗೊತ್ತು: ಅಂದು ಹಾಕಿಸಿಕೊಂಡಿದ್ದರೆ ಅವರು ಮನೆಗೆ ಹೋಗಿ ಮಲಗುತ್ತಿದ್ದರು. ಪುಟ್ಟೇಗೌಡರ ಜಗಲಿಯಲ್ಲಿ ಮುಕ್ಕಾಲು ಗಂಟೆ ಕೂರುತ್ತಿರಲಿಲ್ಲ.

ನಿದ್ದೆ ನನ್ನನ್ನು ಬಿಟ್ಟುಹೋದದ್ದು ಯಾವಾಗ ಎಂದು ಹೇಳಬಲ್ಲೆ, ಹೇಗೆ ಎಂದು ಹೇಳಲು ಬರುವುದಿಲ್ಲ. ಮಲಗಿದ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಎಚ್ಚರವಾದ ಕೂಡಲೇ ಲೆಕ್ಕ ಶುರು: ನಾಲ್ಕು ಜನ, ಆರು ಡೋಸ್, ಏಳು ದಿನ. ನನ್ನ ಸಹಪಾಠಿಯೊಬ್ಬ ಮನೋವೈದ್ಯ ಮಾತ್ರೆ ಬರೆದುಕೊಟ್ಟ. ಮಾತ್ರೆಯಿಂದ ಬಂದದ್ದು ನಿದ್ದೆಯಲ್ಲ, ಬೆಳಗ್ಗೆಯ ಮಂಪರು. ನಿವೃತ್ತಿಯಾಯಿತು. ಶಾಲು ಹೊದಿಸಿದರು. ಭಾಷಣ ಮಾಡಿದವರೊಬ್ಬರು, ಕೊರೊನಾ ಕಾಲದಲ್ಲಿ ಒಂದು ಹನಿ ಲಸಿಕೆಯನ್ನೂ ವ್ಯರ್ಥ ಮಾಡದ ವೈದ್ಯೆ ಎಂದರು. ಚಪ್ಪಾಳೆ ಬಿತ್ತು. ನಾನು ಹಾಸನದ ಮನೆಗೆ ಬಂದು ಶಾಲನ್ನು ಟ್ರಂಕಿನ ತಳಕ್ಕೆ ಹಾಕಿದೆ.

ಅದೇ ವರ್ಷ ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಒಂದು ಬೆಳಗ್ಗೆ ಅರಕಲಗೂಡಿನ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ. ಕೆಂಪಮ್ಮನ ಮನೆಯ ಮುಂದೆ ಹಸಿರು ಎಲೆಯ ರಾಶಿ ಬಿದ್ದಿತ್ತು. ಶೋಭಾ ನೆಲದ ಮೇಲೆ ಕೂತು ಎಲೆಗಳನ್ನು ಜೋಡಿ ಮಾಡಿ ಉದ್ದನೆಯ ಕಡ್ಡಿಗೆ ದಾರದಿಂದ ಕಟ್ಟುತ್ತಿದ್ದಳು. ಬೆರಳುಗಳು ಅಂಟಿನಿಂದ ಕಪ್ಪಾಗಿದ್ದವು. ನನ್ನನ್ನು ಕಂಡು ಎದ್ದು ನಿಂತಳು, "ಬನ್ನಿ ಮೇಡಂ" ಎಂದು ಚಾಪೆ ಹಾಕಿದಳು. ನಾನು ಕೂರಲಿಲ್ಲ. ಬಸ್ಸಿನುದ್ದಕ್ಕೂ ಜೋಡಿಸಿಕೊಂಡ ಮಾತುಗಳು ಮರೆತುಹೋದವು. ಇದ್ದದ್ದನ್ನು ಹೇಳಿದೆ.

"ಶೋಭಾ, ಮೊದಲನೇ ದಿನ ಲಸಿಕೆ ಫ್ರಿಜ್ಜಲ್ಲಿತ್ತು. ನಾನು ಹಾಕಬಹುದಿತ್ತು. ಹಾಕಲಿಲ್ಲ."

ಅವಳು ಮತ್ತೆ ಕೂತು ಎಲೆ ಕೈಗೆತ್ತಿಕೊಂಡಳು.

"ಗೊತ್ತು. ನಾನು ಅಲ್ಲೇ ನಿಂತಿರ್ಲಿಲ್ವಾ?"

"ಮತ್ತೆ ಯಾಕೆ ಒಂದು ಮಾತೂ ಕೇಳಲಿಲ್ಲ?"

"ಕೇಳಿ?" ಅವಳು ತಲೆ ಎತ್ತದೆ ದಾರ ಬಿಗಿದಳು. "ನಾಳೀಕೆ ಮಗೀಗೆ ಜ್ವರ ಬಂದ್ರೆ ನಿಮ್ ತಾವ್ಲೇ ಬರ್ಬೇಕಿತ್ತಲ್ಲ ಮೇಡಂ. ಇರೋದ್ ಒಬ್ರು ಡಾಕ್ಟ್ರು. ನಿಮ್ಮುನ್ನ ಎದುರಾಕ್ಕಂಡು ಎಲ್ಲೋಗನ?"

ಊರಿನವರು ದಾರಿಯಲ್ಲಿ ಸಿಕ್ಕಾಗ ಕೈ ಮುಗಿಯುತ್ತಿದ್ದುದನ್ನು ಅಷ್ಟು ದಿನ ಕ್ಷಮೆಯೆಂದೇ ಎಣಿಸಿದ್ದೆ.

"ಈಗ ನಾನು ಅಲ್ಲಿಲ್ಲ ಶೋಭಾ. ರಿಟೈರ್ ಆಗಿದ್ದೀನಿ."

ಅವಳು ಕಡ್ಡಿಯನ್ನು ಪಕ್ಕಕ್ಕಿಟ್ಟಳು.

"ಅಂಗಾದ್ರೆ ಕೇಳಿ," ಎಂದಳು. "ನಮ್ಮತ್ತೆ ನಾಯಿ ತಿರುಗ್ದಂಗೆ ಮನೆಮನೆ ತಿರುಗ್ತು. ಬ್ಯಾಡ ಕಣತ್ತೆ ಅಂದೆ. ಡಾಕ್ಟ್ರವ್ವಂಗೆ ಬೈತಾರಂತೆ ಕಣೆ, ಪಾಪ ಅಂತು. ನಿಮ್ಗ್ ಬೈದ್ಬುಟ್ರೆ ಏನಾಗೋದು? ಸಾಯ್ತಿದ್ರಾ? ನಿಮ್ಗೆ ಒಂದ್ ಬೈಗ್ಳ ತಪ್ಸಕೆ ನಮ್ಮನೆ ಜೀವ ಓಯ್ತು. ಓದ್ಕಂಡಿರೋರು ನೀವು. ಅದ್ರ ಎದೆ ಎಂಗೈತೆ ಅಂತ ನಿಮ್ಗೆ ಗೊತ್ತಿತ್ತು, ನಮ್ಗಲ್ಲ. ಗೊತ್ತಿದ್ದೂ ಕಳಿಸ್ಬುಟ್ರಿ. ನಗಾಡ್ಕಂಡು ಕಳಿಸ್ಬುಟ್ರಿ."

ಇನ್ನೂ ಅಂದಳು. ಎಲ್ಲವನ್ನೂ ಬರೆಯಲಾರೆ. ಪಕ್ಕದ ಮನೆಯವರು ಬಂದು ನಿಂತರು. ಒಬ್ಬ ಮುದುಕಿ, "ಮನೆ ಬಾಗ್ಲಿಗ್ ಬಂದೋರ್ಗೆ ಅಂಗನ್ಬ್ಯಾಡ ಕಣಮ್ಮಿ" ಎಂದಳು. "ನೀನ್ ಸುಮ್ಕಿರಜ್ಜಿ, ಅವ್ರೇ ಕೇಳಕ್ ಬಂದವ್ರೆ" ಎಂದಳು ಶೋಭಾ. ನಾನು ಎಲ್ಲಕ್ಕೂ ಹೌದು ಎಂದೆ. ಒಂದಕ್ಕೂ ವಿವರಣೆ ಕೊಡಲಿಲ್ಲ. ಮೇಲಿನವರ ಹೆಸರು ಹೇಳಲಿಲ್ಲ. ಮಾತು ಮುಗಿದಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎಲೆ ಕಟ್ಟಲು ಕೂತಳು. ಕಾಫಿ ಕುಡೀರಿ ಎನ್ನಲಿಲ್ಲ, ಹೋಗಿ ಬನ್ನಿ ಎನ್ನಲಿಲ್ಲ. ನಮ್ಮ ಕಡೆ ಹಗೆಯವರಿಗೂ ಆ ಎರಡು ಮಾತು ಹೇಳುತ್ತಾರೆ.

ಬಸ್‌ಸ್ಟಾಪಿನವರೆಗೆ ನಡೆದೆ. ಸಂಜೆಯ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಹಾಸನದವರೆಗೂ ಕಂಬಿ ಹಿಡಿದು ನಿಂತೆ. ನಮ್ಮ ಮನೆಯವರು, ಎಲ್ಲಿಗೆ ಹೋಗಿದ್ದೆ ಎಂದು ಕೇಳಿದರು. ಅರಕಲಗೂಡಿಗೆ ಎಂದೆ. ಯಾಕೆ ಎಂದರು. ಬೈಸಿಕೊಳ್ಳೋಕೆ ಎಂದೆ. ಅವರು ಅನ್ನ ಸಾರು ಬಡಿಸಿದರು. ಊಟ ಮಾಡಿ ಮಲಗಿದೆ, ಮಾತ್ರೆ ತೆಗೆದುಕೊಳ್ಳಲು ಮರೆತಿದ್ದೆ.

ಕಣ್ಣು ಬಿಟ್ಟಾಗ ಬಿಸಿಲು ಹಾಸಿಗೆಯ ಅರ್ಧದವರೆಗೆ ಬಂದಿತ್ತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಮನೆಯವರು ಬಾಗಿಲಲ್ಲಿ ನಿಂತು, "ಎರಡು ಸಲ ಬಂದು ನೋಡಿ ಹೋದೆ. ಉಸಿರಾಡ್ತಿದ್ದೀಯೋ ಇಲ್ಲವೋ ಅಂತ ಭಯ ಆಯ್ತು" ಎಂದರು.